ಬಿಚ್ಚಿ ಮತ್ತೆ ಕಟ್ಟುವ ಆಟಿಕೆಗಳು: ಮೆಕ್ಯಾನೊದಿಂದ ಲೆಗೊವರೆಗೆ

ರಮಜಾನ್ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ರೂಢಿ. ಒಂದು ವರ್ಷ ಹಾಗೆ ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸುವಾಗ ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅಲುಗಾಡಿಸಿದರೆ ಒಳಗೆ ಗಲಗಲ ಸದ್ದು. ಮುಚ್ಚಳ ತೆಗೆದು ನೋಡಿದರೆ ಉದ್ದಕ್ಕೂ ತೂತುಗಳಿರುವ ಲೋಹದ ಪಟ್ಟಿಗಳು, ನಾಲ್ಕು ಚಕ್ರಗಳು, ಒಂದು ರಾಟೆ, ಒಂದು ಪುಟ್ಟ ಪಾನಾ ಮತ್ತು ಒಂದು ಹಿಡಿ ನಟ್ಟು ಬೋಲ್ಟುಗಳು. ನಾನು ಚಿಕ್ಕವನಿದ್ದಾಗ ನಾನೂ ಆಪಾಳೂ ಎರಡು ಹಬ್ಬಗಳ ಈದಿ ಹಣ ಕೂಡಿಹಾಕಿ ಕೊಂಡಿದ್ದ ‘ಮೆಕ್ಯಾನಿಕ್ಸ್’ ಆಟಿಕೆಯಲ್ಲಿ ಉಳಿದದ್ದು ಅಷ್ಟು.

ನನ್ನ ಮಗ ತನ್ನ ಪ್ಲಾಸ್ಟಿಕ್ ಇಟ್ಟಿಗೆಗಳ ಬುಟ್ಟಿಯನ್ನು ತಂದು ಪಕ್ಕದಲ್ಲಿ ಸುರಿದನು. ನನ್ನ ಪಟ್ಟಿಗೆ ಅವನ ಇಟ್ಟಿಗೆ ಸೇರುತ್ತದೆಯೇ ಎಂದು ಇಬ್ಬರೂ ಪ್ರಯತ್ನಿಸಿದೆವು. ಸೇರಲಿಲ್ಲ. "ಅಬ್ಬಾ, ನಿಮ್ಮದು ಹಳೆಯದು" ಎಂದು ಅವನು ತೀರ್ಪು ಕೊಟ್ಟು ಎದ್ದುಹೋದನು. ನಾನು ಮಾತ್ರ ಆ ಡಬ್ಬಿಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಹಳೆಯದರಲ್ಲಿ ನಿಜವಾಗಿ ಏನಿತ್ತು? ಹೊಸದರಲ್ಲಿ ಏನಿದೆ? ಬಾಲ್ಯದ ನೆನಪು ಎಲ್ಲವನ್ನೂ ಸಿಹಿಯಾಗಿಸುತ್ತದೆ. ಆದುದರಿಂದ ನೆನಪನ್ನು ಪಕ್ಕಕ್ಕಿಟ್ಟು ಈ ಆಟಿಕೆಗಳ ಇತಿಹಾಸವನ್ನು ಓದಲು ತೊಡಗಿದೆ. ಅದರ ಫಲ ಈ ಲೇಖನ.

ಎಂಟು ತುಂಡಿನ ಘನ

ಕಟ್ಟುವ ಆಟವನ್ನು ಶಿಕ್ಷಣದೊಳಗೆ ತಂದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಅವರದು. ಬಿ.ಎಡ್. ತರಗತಿಯಲ್ಲಿ ನಾವೆಲ್ಲ ಅವರ ಬಗ್ಗೆ ಟಿಪ್ಪಣಿ ಬರೆದವರೇ. 1782ರಲ್ಲಿ ಜನಿಸಿದ ಅವರು 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ಆರಂಭಿಸಿದರು. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಮಕ್ಕಳ ಕೈಗೆ ಕೊಡಬೇಕಾದ ಆಟದ ವಸ್ತುಗಳನ್ನು ಅವರು ‘ಕೊಡುಗೆಗಳು’ ಎಂದು ಕರೆದರು. ಮೂರನೆಯ ಕೊಡುಗೆ ಎಂದರೆ ಎಂಟು ಸಮಾನ ಚಿಕ್ಕ ಘನಗಳಾಗಿ ಬಿಡಿಸಬಹುದಾದ ಒಂದು ಮರದ ಘನ. ಮಗು ಅದನ್ನು ಬಿಡಿಸಬಹುದು, ಕುರ್ಚಿ, ಗೋಡೆ, ಮೆಟ್ಟಿಲು ಏನನ್ನಾದರೂ ಕಟ್ಟಬಹುದು, ಕೊನೆಗೆ ಎಂಟನ್ನೂ ಸೇರಿಸಿ ಮೊದಲಿನ ಘನವನ್ನಾಗಿಸಬಹುದು. ಇಡಿಯಿಂದ ಬಿಡಿಗೆ, ಬಿಡಿಯಿಂದ ಇಡಿಗೆ ಹೋಗುವ ಪಾಠ ಅದರಲ್ಲಿತ್ತು.

ಇಷ್ಟು ನಿರುಪದ್ರವಿ ವಿಷಯಕ್ಕೂ ಸರಕಾರ ಹೆದರಿತು ಎಂದರೆ ಆಶ್ಚರ್ಯವಾಗಬಹುದು. 1851ರಲ್ಲಿ ಪ್ರಷ್ಯಾ ಸರಕಾರವು ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ಆದರೆ ಅವರ ಮರದ ತುಂಡುಗಳು ಗಡಿ ದಾಟಿದ್ದವು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅವುಗಳನ್ನು ಕಂಡ ಒಬ್ಬ ತಾಯಿ ತನ್ನ ಮಗನಿಗಾಗಿ ಕೊಂಡೊಯ್ದಳು. ಆ ಮಗ ಫ್ರಾಂಕ್ ಲಾಯ್ಡ್ ರೈಟ್. ಮುಂದೆ ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯಾದ ಅವರು ಆ ತುಂಡುಗಳ ಸ್ಪರ್ಶ ತಮ್ಮ ಬೆರಳುಗಳಲ್ಲಿ ಕೊನೆಯವರೆಗೂ ಉಳಿದಿತ್ತು ಎಂಬ ಅರ್ಥದಲ್ಲಿ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಮರದ ನಂತರ ಕಲ್ಲಿನ ಸರದಿ. ಜರ್ಮನಿಯ ಲಿಲಿಯೆಂಥಾಲ್ ಸಹೋದರರು ಮರಳು, ಸೀಮೆಸುಣ್ಣ ಮತ್ತು ಅಗಸೆ ಎಣ್ಣೆಯನ್ನು ಬೆರೆಸಿ ಒತ್ತಿ ಗಟ್ಟಿಯಾದ ಪುಟ್ಟ ಕಲ್ಲುಗಳನ್ನು ತಯಾರಿಸುವ ವಿಧಾನ ಕಂಡುಹಿಡಿದರು. ಅದನ್ನು ಕೊಂಡ ರಿಕ್ಟರ್ ಎಂಬ ಉದ್ಯಮಿ 1880ರ ದಶಕದಲ್ಲಿ ರುಡೋಲ್‌ಸ್ಟಾಟ್ ಊರಿನಿಂದ ‘ಆಂಕರ್’ ಗುರುತಿನ ಕಲ್ಲುಗಳನ್ನು ಮಾರಾಟಕ್ಕೆ ತಂದನು. ಇಟ್ಟಿಗೆಯ ಕೆಂಪು, ಸುಣ್ಣದ ಕಲ್ಲಿನ ಹಳದಿ, ಹಂಚಿನ ನೀಲಿ ಬೂದು ಎಂದು ಅವುಗಳಿಗೆ ನಿಜವಾದ ಕಟ್ಟಡದ ಬಣ್ಣಗಳೇ ಇದ್ದವು. ಆ ಸಹೋದರರಲ್ಲಿ ಒಬ್ಬರಾದ ಓಟೊ ಲಿಲಿಯೆಂಥಾಲ್ ಮುಂದೆ ರೆಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ತೇಲುವ ಪ್ರಯೋಗಗಳಿಂದ ಹೆಸರಾಗಿ 1896ರಲ್ಲಿ ಅಂತಹ ಪ್ರಯೋಗದಲ್ಲೇ ಬಿದ್ದು ಪ್ರಾಣಬಿಟ್ಟರು. ವಿಮಾನದ ಇತಿಹಾಸದಲ್ಲಿ ಅವರ ಹೆಸರು ಮೊದಲ ಪುಟಗಳಲ್ಲೇ ಬರುತ್ತದೆ.

ಆದರೆ ಈ ಮರದ ತುಂಡುಗಳಿಗೂ ಕಲ್ಲುಗಳಿಗೂ ಒಂದು ಮಿತಿ ಇತ್ತು. ಅವು ಒಂದರ ಮೇಲೊಂದು ಕೂರುತ್ತಿದ್ದವೇ ಹೊರತು ಒಂದನ್ನೊಂದು ಹಿಡಿದುಕೊಳ್ಳುತ್ತಿರಲಿಲ್ಲ. ಕೈ ತಗಲಿದರೆ ಗೋಪುರ ನೆಲಕ್ಕೆ. ಮೇಲಾಗಿ ಅವುಗಳಿಂದ ಕಟ್ಟಿದ್ದು ಚಲಿಸುತ್ತಿರಲಿಲ್ಲ.

ಲಿವರ್‌ಪೂಲಿನ ಗುಮಾಸ್ತ

ಈ ಕೊರತೆಯನ್ನು ನೀಗಿಸಿದವರು ಎಂಜಿನಿಯರರಲ್ಲ, ಒಬ್ಬ ಗುಮಾಸ್ತರು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1863ರಲ್ಲಿ ಹುಟ್ಟಿದ ಫ್ರಾಂಕ್ ಹಾರ್ನ್‌ಬಿ ಮಾಂಸ ಆಮದು ಮಾಡುವ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದರು. ಅವರ ಹೆಂಡತಿ ಕ್ಲಾರಾ ಶಾಲಾ ಶಿಕ್ಷಕಿಯಾಗಿದ್ದವರು. ಬಿಡುವಿನ ವೇಳೆಯಲ್ಲಿ ತಮ್ಮ ಗಂಡುಮಕ್ಕಳಿಗಾಗಿ ತಗಡು ಕತ್ತರಿಸಿ ಸೇತುವೆ, ಕ್ರೇನು ಮಾಡಿಕೊಡುವುದು ಹಾರ್ನ್‌ಬಿಯವರ ಹವ್ಯಾಸ. ಪ್ರತಿ ಹೊಸ ಆಟಿಕೆಗೂ ಹೊಸ ಭಾಗಗಳನ್ನು ಕತ್ತರಿಸಬೇಕಾಗುತ್ತಿತ್ತು. ಹೀಗಿರುವಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಪಟ್ಟಿಗಳಲ್ಲಿ ಅರ್ಧ ಇಂಚಿಗೊಂದರಂತೆ ಸಮಾನ ದೂರದಲ್ಲಿ ತೂತುಗಳನ್ನು ಕೊರೆದರೆ, ಸೇತುವೆಗೆ ಬಳಸಿದ ಪಟ್ಟಿಯನ್ನೇ ಬಿಚ್ಚಿ ಕ್ರೇನಿಗೂ ಬಳಸಬಹುದಲ್ಲವೇ? ಬೋಲ್ಟು ಹಾಕುವ ತೂತಿನಲ್ಲೇ ಚಕ್ರದ ಸರಳೂ ತಿರುಗಬಹುದಲ್ಲವೇ?

ಸರಳವಾಗಿ ಕಾಣುವ ಈ ಆಲೋಚನೆಯೇ ಆ ಆಟಿಕೆಯ ಪ್ರಾಣ. ಯಾವ ಭಾಗವೂ ಒಂದೇ ಕೆಲಸಕ್ಕೆ ಮೀಸಲಲ್ಲ. ಪೇಟೆಂಟಿನ ಖರ್ಚಿಗಾಗಿ ತಮ್ಮ ಧಣಿಯಿಂದಲೇ ಐದು ಪೌಂಡು ಸಾಲ ಪಡೆದ ಹಾರ್ನ್‌ಬಿ 1901ರಲ್ಲಿ ಅದನ್ನು ದಾಖಲಿಸಿದರು. ಆ ಧಣಿ ಡೇವಿಡ್ ಎಲಿಯಟ್ ಮುಂದೆ ಪಾಲುದಾರರೂ ಆದರು. 1902ರಲ್ಲಿ ‘ಮೆಕ್ಯಾನಿಕ್ಸ್ ಮೇಡ್ ಈಸಿ’ ಎಂಬ ಹೆಸರಿನಲ್ಲಿ ಮೊದಲ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಅದರಲ್ಲಿ ಇದ್ದದ್ದು ಹದಿನಾರು ಬಗೆಯ ಭಾಗಗಳು, ಹನ್ನೆರಡು ಮಾದರಿಗಳನ್ನು ವಿವರಿಸುವ ಒಂದು ಹಾಳೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಹೀಲಿ-ಷಾ ಅವರು ಇದನ್ನು ಮೆಚ್ಚಿ ಶಿಫಾರಸು ಮಾಡಿದ್ದು ದೊಡ್ಡ ನೆರವಾಯಿತು. 1903ರಲ್ಲಿ 1,500 ಪೆಟ್ಟಿಗೆಗಳು ಮಾರಾಟವಾದರೂ ಲಾಭವಿರಲಿಲ್ಲ. ಮೊದಲ ಲಾಭ ಕಂಡದ್ದು 1906ರಲ್ಲಿ. 1907ರಲ್ಲಿ ‘ಮೆಕ್ಯಾನೊ’ ಎಂಬ ಹೆಸರು ನೋಂದಣಿಯಾಯಿತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಎರಡು ವರ್ಷಗಳ ನಂತರ ‘ಮೆಕ್ಯಾನೊ ಮ್ಯಾಗಜಿನ್’ ಎಂಬ ಪತ್ರಿಕೆಯೂ ಹೊರಬಂತು.

ಮಧ್ಯಮ ವರ್ಗದ ಪಾಲಕರ ಮನಸ್ಸನ್ನು ಹಾರ್ನ್‌ಬಿ ಚೆನ್ನಾಗಿ ಅರಿತಿದ್ದರು. ಚಿಕ್ಕ ಪೆಟ್ಟಿಗೆ ಕೊಂಡವರು ಅದನ್ನು ಮೂಲೆಗೆಸೆದು ದೊಡ್ಡದನ್ನು ಕೊಳ್ಳಬೇಕಾಗಿರಲಿಲ್ಲ. ಇವೆರಡರ ನಡುವಿನ ಭಾಗಗಳಷ್ಟೇ ಇರುವ ಪೂರಕ ಪೆಟ್ಟಿಗೆಯೊಂದನ್ನು ಕೊಂಡರೆ ಒಂದನೇ ನಂಬರು ಎರಡನೇ ನಂಬರಾಗುತ್ತಿತ್ತು. ಅಣ್ಣನ ಪಟ್ಟಿಗೆ ತಮ್ಮನ ಪಟ್ಟಿ ಸೇರುತ್ತಿತ್ತು.

ಆಟಿಕೆಯಿಂದ ಪ್ರಯೋಗಶಾಲೆಗೆ

ಇದು ಬರಿಯ ಮಕ್ಕಳಾಟವಾಗಿ ಉಳಿಯಲಿಲ್ಲ ಎಂಬುದಕ್ಕೆ ಎರಡು ಉದಾಹರಣೆಗಳನ್ನು ನಮ್ಮ ವಿಜ್ಞಾನ ಶಿಕ್ಷಕರು ತರಗತಿಯಲ್ಲಿ ಹೇಳಬಹುದು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡಗ್ಲಸ್ ಹಾರ್ಟ್ರೀ ಅವರು ಅಮೆರಿಕದಲ್ಲಿ ವ್ಯಾನೆವರ್ ಬುಷ್ ನಿರ್ಮಿಸಿದ್ದ ದೊಡ್ಡ ಲೆಕ್ಕದ ಯಂತ್ರವನ್ನು ಕಂಡು ಬಂದರು. ಕೈಯಿಂದ ಬಿಡಿಸಲು ತಿಂಗಳುಗಟ್ಟಲೆ ಹಿಡಿಯುವ ಸಮೀಕರಣಗಳನ್ನು ಅದು ಚಕ್ರಗಳನ್ನು ತಿರುಗಿಸಿ ಬಿಡಿಸುತ್ತಿತ್ತು. ಅಂತಹ ಯಂತ್ರಕ್ಕೆ ಹಣ ಎಲ್ಲಿಂದ ತರುವುದು? 1934ರಲ್ಲಿ ಅವರೂ ಅವರ ವಿದ್ಯಾರ್ಥಿ ಆರ್ಥರ್ ಪೋರ್ಟರ್ ಅವರೂ ಸೇರಿ ಬಹುಪಾಲು ಮೆಕ್ಯಾನೊ ಭಾಗಗಳಿಂದಲೇ ಒಂದು ಮಾದರಿಯನ್ನು ಕಟ್ಟಿದರು. ಖರ್ಚು ಸುಮಾರು ಇಪ್ಪತ್ತು ಪೌಂಡು. ಆ ಆಟಿಕೆ ಯಂತ್ರವು ಪರಮಾಣುವಿನ ರಚನೆಗೆ ಸಂಬಂಧಿಸಿದ ನಿಜವಾದ ಲೆಕ್ಕಗಳನ್ನು ಮಾಡಿತು. ಅದನ್ನು ಕಂಡ ಮೇಲೆಯೇ ಪೂರ್ಣ ಪ್ರಮಾಣದ ಯಂತ್ರಕ್ಕೆ ಹಣ ಒದಗಿತು.

ಎರಡನೆಯದು ಅಮೆರಿಕದ ಕಥೆ. ಅಲ್ಲಿ 1913ರಿಂದ ‘ಇರೆಕ್ಟರ್’ ಎಂಬ ಇದೇ ಬಗೆಯ ಆಟಿಕೆ ಪ್ರಚಾರದಲ್ಲಿತ್ತು. 1949ರಲ್ಲಿ ಯೇಲ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ ವಿಲಿಯಂ ಸ್ಯೂವೆಲ್ ಅದರ ಮೋಟಾರು ಮತ್ತು ಭಾಗಗಳನ್ನು ಬಳಸಿ ಹೃದಯದ ಕೆಲಸ ಮಾಡುವ ಪಂಪೊಂದನ್ನು ರಚಿಸಿದರು. ಪ್ರಯೋಗದಲ್ಲಿ ಆ ಪಂಪು ಒಂದು ನಾಯಿಯನ್ನು ಒಂದು ಗಂಟೆಗೂ ಮೀರಿ ಬದುಕಿಸಿತು. ಆ ಪಂಪನ್ನು ಇಂದಿಗೂ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಕಾಪಾಡಲಾಗಿದೆ.

ಈ ಇಬ್ಬರೂ ಆಟಿಕೆಯ ಪುಸ್ತಕದಲ್ಲಿದ್ದ ಚಿತ್ರವನ್ನು ನೋಡಿ ಕಟ್ಟಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಕಟ್ಟಿದರು. ಪಟ್ಟಿಗಳು ಯಾವುದಕ್ಕೂ ಮೀಸಲಾಗಿರದ ಕಾರಣ ಎಲ್ಲದಕ್ಕೂ ಒದಗಿದವು.

ಡಬ್ಬಿಯ ಮೇಲಿನ ಹುಡುಗ

ಇತಿಹಾಸ ಬರೆಯುವಾಗ ಮೆಚ್ಚುಗೆಯ ಜೊತೆಗೆ ಕೊರತೆಯನ್ನೂ ಹೇಳಬೇಕು. ಮೆಕ್ಯಾನೊ ತನ್ನನ್ನು ಹುಡುಗರ ಆಟಿಕೆ ಎಂದೇ ಪ್ರಚಾರ ಮಾಡಿಕೊಂಡಿತು. ಪೆಟ್ಟಿಗೆಯ ಮೇಲಿನ ಚಿತ್ರಗಳಲ್ಲಿ, ಪತ್ರಿಕೆಯ ಪುಟಗಳಲ್ಲಿ ಕಟ್ಟುವವನು ಹುಡುಗ, ಮೆಚ್ಚಿ ನೋಡುವವನು ತಂದೆ. ಸ್ವತಃ ಹಾರ್ನ್‌ಬಿಯವರಿಗೆ ಒಬ್ಬ ಮಗಳೂ ಇದ್ದಳು. ಆಟಿಕೆಯ ಕಥೆಯಲ್ಲಿ ಅವಳ ಹೆಸರು ಬರುವುದೇ ಅಪರೂಪ.

ನಮ್ಮ ಮನೆಯ ಕಥೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಈದಿ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆಪಾಳದೇ ಆಗಿತ್ತು. ಪುಸ್ತಕದಲ್ಲಿದ್ದ ಕ್ರೇನನ್ನು ನಾನು ಚಿತ್ರ ನೋಡಿ ಕಟ್ಟಿದೆ. ಅದು ಬಾಗಿಲ ಬೀಗವನ್ನು ಎತ್ತಲಾರದೆ ಮುಂದಕ್ಕೆ ಮುಗ್ಗರಿಸಿತು. ಆಪಾ ಅದನ್ನು ಬಿಚ್ಚಿ, ಹಿಂಬದಿಗೆ ಎರಡು ಪಟ್ಟಿಗಳನ್ನು ಹೆಚ್ಚಾಗಿ ಜೋಡಿಸಿ, ಅದರ ಮೇಲೆ ಅಬ್ಬಾರ ಗ್ಯಾರೇಜಿನ ಒಂದು ಹಳೆಯ ಬೇರಿಂಗ್ ಕಟ್ಟಿದಳು. ಬೀಗ ಸಲೀಸಾಗಿ ಮೇಲೆದ್ದಿತು. ಭಾರಕ್ಕೆ ಪ್ರತಿಭಾರ ಬೇಕು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಅದಾದ ಎಷ್ಟೋ ವರ್ಷಗಳ ನಂತರ. ಮನೆಗೆ ಬಂದ ನೆಂಟರು ಕ್ರೇನನ್ನು ನೋಡಿ ನನ್ನ ಬೆನ್ನು ತಟ್ಟಿ, "ಇವನನ್ನು ಎಂಜಿನಿಯರ್ ಮಾಡಿ" ಎಂದರು. ನಾನು ಸುಮ್ಮನಿದ್ದೆ. ಆಪಾ ಒಳಗೆ ಚಹಾ ಸೋಸುತ್ತಿದ್ದಳು. ಹತ್ತನೇ ತರಗತಿಯ ನಂತರ ಅವಳ ಓದು ನಿಂತಿತು. ನನ್ನದು ಮುಂದುವರಿಯಿತು.

ಬಿಲ್ಲುಂಡಿನ ಬಡಗಿ

ಹಳೆಯದರ ಕಥೆ ಹೀಗಾದರೆ ಹೊಸದರ ಕಥೆ ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಚಿಕ್ಕ ಊರಿನಲ್ಲಿ ಆರಂಭವಾಗುತ್ತದೆ. ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸನ್ ಎಂಬ ಬಡಗಿ ಅಲ್ಲಿದ್ದರು. 1924ರಲ್ಲಿ ಅವರ ಮಕ್ಕಳ ಕೈಯಿಂದ ಮರದ ಹೊಟ್ಟಿಗೆ ಬೆಂಕಿ ತಗಲಿ ಮನೆಯೂ ಕೆಲಸದ ಕೊಟ್ಟಿಗೆಯೂ ಸುಟ್ಟುಹೋಗಿದ್ದವು. 1932ರಲ್ಲಿ ಹೆಂಡತಿ ತೀರಿಕೊಂಡರು. ಜಗತ್ತಿನಾದ್ಯಂತ ಆರ್ಥಿಕ ಕುಸಿತದ ಕಾಲ ಅದು. ಮನೆ ಕಟ್ಟಿಸುವವರಿಲ್ಲದೆ ಬಡಗಿಗೆ ಕೆಲಸವಿರಲಿಲ್ಲ. ನಾಲ್ಕು ಗಂಡುಮಕ್ಕಳನ್ನು ಸಾಕಬೇಕಾಗಿದ್ದ ಅವರು ಅದೇ ವರ್ಷ ಮರದ ಆಟಿಕೆಗಳನ್ನು ಮಾಡತೊಡಗಿದರು. 1934ರಲ್ಲಿ ಡೇನಿಷ್ ಭಾಷೆಯ ‘ಲೆಗ್ ಗೊಟ್’, ಅಂದರೆ ‘ಚೆನ್ನಾಗಿ ಆಡು’ ಎಂಬ ಮಾತಿನಿಂದ ‘ಲೆಗೊ’ ಎಂಬ ಹೆಸರನ್ನು ಕಟ್ಟಿದರು.

ಒಮ್ಮೆ ಅವರ ಮಗ ಗಾಟ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರು ಬಾರಿಯ ಬದಲು ಎರಡೇ ಬಾರಿ ವಾರ್ನಿಷ್ ಹಚ್ಚಿ ಹಣ ಉಳಿಸಿದ್ದನ್ನು ಹೆಮ್ಮೆಯಿಂದ ಹೇಳಿದನಂತೆ. ರವಾನೆಯಾಗಿದ್ದ ಪೆಟ್ಟಿಗೆಗಳನ್ನು ವಾಪಸು ತರಿಸಿ ರಾತ್ರಿಯೆಲ್ಲ ಕೂತು ಮೂರನೆಯ ಬಾರಿ ಹಚ್ಚುವಂತೆ ತಂದೆ ಮಾಡಿದರು ಎಂಬುದು ಆ ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ.

ಎರಡನೇ ಮಹಾಯುದ್ಧದ ನಂತರ ಓಲೆ ಕಿರ್ಕ್ ಪ್ಲಾಸ್ಟಿಕ್ ಅಚ್ಚಿನ ಯಂತ್ರವನ್ನು ಕೊಂಡು ಮನೆಯವರನ್ನೆಲ್ಲ ಚಿಂತೆಗೀಡುಮಾಡಿದರು. 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳು ಬಂದವು. ಇಲ್ಲಿ ಒಂದು ಸತ್ಯವನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಒಂದನ್ನೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಯನ್ನು ಅದಕ್ಕೂ ಮೊದಲೇ ರೂಪಿಸಿದ್ದವರು ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್. ಅವರ ‘ಕಿಡಿಕ್ರಾಫ್ಟ್’ ಇಟ್ಟಿಗೆಯನ್ನು ನೋಡಿಯೇ ಲೆಗೊದವರು ತಮ್ಮದನ್ನು ರೂಪಿಸಿದರು. ಪೇಜ್ 1957ರಲ್ಲಿ ತೀರಿಕೊಂಡರು. ತಮ್ಮ ಕಲ್ಪನೆ ಎಲ್ಲಿಯವರೆಗೆ ಹೋಗಲಿದೆ ಎಂಬುದನ್ನು ಕಾಣಲು ಅವರಿಗೆ ಆಯುಷ್ಯ ಸಾಲಲಿಲ್ಲ. ಇತಿಹಾಸದಲ್ಲಿ ಬೀಜ ಹಾಕಿದವರು ಒಬ್ಬರು, ಫಸಲು ಕೊಯ್ದವರು ಇನ್ನೊಬ್ಬರು ಎಂಬುದಕ್ಕೆ ಇದೂ ಒಂದು ನಿದರ್ಶನ.

ಮೊದಲ ಇಟ್ಟಿಗೆಗಳು ಒಳಗೆ ಟೊಳ್ಳಾಗಿದ್ದವು, ಹಿಡಿತ ಸಾಲದು. 1958ರ ಜನವರಿ 28ರಂದು ಗಾಟ್‌ಫ್ರೆಡ್ ಇಟ್ಟಿಗೆಯ ಒಳಗೆ ಕೊಳವೆಗಳಿರುವ ಹೊಸ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದರು. ಕೆಳಗಿನ ಇಟ್ಟಿಗೆಯ ಗುಬ್ಬಿಗಳು ಮೇಲಿನದರ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿ ಬಿಗಿಯಾಗಿ ನಿಂತವು. ಆದರೂ ಮಗುವಿನ ಕೈ ಎಳೆದರೆ ಬಿಟ್ಟುಬರುತ್ತಿದ್ದವು. ಬಿಗಿಯಾಗಿ ಹಿಡಿಯಬೇಕು, ಕೇಳಿದಾಗ ಬಿಡಬೇಕು ಎಂಬ ಎರಡು ವಿರುದ್ಧ ಗುಣಗಳ ಹದ ಅದು. ಅದೇ ವರ್ಷ ತಂದೆ ಓಲೆ ಕಿರ್ಕ್ ನಿಧನರಾದರು. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿದ್ದ ಮೇಲೆ ಕಂಪನಿಯು ಮರವನ್ನು ಬಿಟ್ಟು ಇಟ್ಟಿಗೆಯನ್ನೇ ನೆಚ್ಚಿತು. 1963ರಲ್ಲಿ ಬೇಗ ಸೊಟ್ಟಗಾಗದ ಎ.ಬಿ.ಎಸ್. ಪ್ಲಾಸ್ಟಿಕ್ ಬಳಕೆಗೆ ಬಂತು.

ಗಣಿತ ಪ್ರಿಯರಿಗೆ ಒಂದು ಮಾತು. ಎಂಟು ಗುಬ್ಬಿಗಳಿರುವ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಮೂರು ಇಟ್ಟಿಗೆಗಳನ್ನು 1,060 ರೀತಿಯಲ್ಲಿ. ಆರು ಇಟ್ಟಿಗೆಗಳಾದರೆ? ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿದಂತೆ 91,51,03,765 ರೀತಿಯಲ್ಲಿ! ಅದಕ್ಕಿಂತಲೂ ನನಗೆ ದೊಡ್ಡದಾಗಿ ಕಂಡ ಸಂಗತಿ ಬೇರೆ. 1958ರ ವಿನ್ಯಾಸದ ಇಟ್ಟಿಗೆಯು ಇಂದು ಕಾರ್ಖಾನೆಯಿಂದ ಹೊರಬಂದ ಇಟ್ಟಿಗೆಗೆ ಸೇರುತ್ತದೆ. ಅಜ್ಜನ ಇಟ್ಟಿಗೆಯ ಮೇಲೆ ಮೊಮ್ಮಗಳು ಕಟ್ಟಬಹುದು.

ಏಳುಬೀಳು

ಮೆಕ್ಯಾನೊ ಸಾಮ್ರಾಜ್ಯ ಶಾಶ್ವತವಾಗಿ ಉಳಿಯಲಿಲ್ಲ. 1931ರಲ್ಲಿ ಬ್ರಿಟಿಷ್ ಸಂಸತ್ತಿಗೂ ಆಯ್ಕೆಯಾಗಿದ್ದ ಹಾರ್ನ್‌ಬಿ 1936ರಲ್ಲಿ ನಿಧನರಾದರು. 1964ರಲ್ಲಿ ಕಂಪನಿ ಬೇರೆಯವರ ಪಾಲಾಯಿತು. 1979ರ ನವೆಂಬರಿನಲ್ಲಿ ಬಿನ್ಸ್ ರಸ್ತೆಯ ಕಾರ್ಖಾನೆ ಬಾಗಿಲು ಮುಚ್ಚಿತು. ಫ್ರಾನ್ಸಿನ ಕ್ಯಾಲೆ ನಗರದಲ್ಲಿ ಉತ್ಪಾದನೆ ಮುಂದುವರಿಯಿತು. 2013ರಲ್ಲಿ ಕೆನಡಾದ ಕಂಪನಿಯೊಂದು ಮೆಕ್ಯಾನೊವನ್ನು ಕೊಂಡಿತು. ಕ್ಯಾಲೆಯ ಆ ಕಾರ್ಖಾನೆಯನ್ನೂ ಮುಚ್ಚುವುದಾಗಿ 2023ರಲ್ಲಿ ಪ್ರಕಟವಾಯಿತು.

ರಸಾಯನಶಾಸ್ತ್ರದಲ್ಲಿ 1996ರ ನೊಬೆಲ್ ಪ್ರಶಸ್ತಿ ಪಡೆದ ಹ್ಯಾರಿ ಕ್ರೋಟೊ ತಮ್ಮ ಕೈಚಳಕಕ್ಕೆ ಮೆಕ್ಯಾನೊವೇ ಗುರು ಎಂದು ಹೇಳುತ್ತಿದ್ದರು. ಅದರ ಜಾಗವನ್ನು ಲೆಗೊ ಹಿಡಿದದ್ದು ಅವರಿಗೆ ನೋವಿನ ವಿಷಯವಾಗಿತ್ತು. ನಟ್ಟನ್ನು ಎಷ್ಟು ಬಿಗಿದರೆ ಸಾಕು, ಎಷ್ಟಕ್ಕೆ ಎಳೆ ಹಾಳಾಗುತ್ತದೆ ಎಂಬ ಅರಿವು ಬೆರಳಿಗೆ ಬರಬೇಕೇ ಹೊರತು ಮಾತಿನಿಂದ ಬರುವುದಿಲ್ಲ. ಅಬ್ಬಾರ ಗ್ಯಾರೇಜಿನಲ್ಲಿ ಕೆಲಸ ಕಲಿತ ಹುಡುಗರನ್ನು ನೋಡಿದ ನನಗೆ ಕ್ರೋಟೊ ಅವರ ಮಾತು ಸರಿ ಎನಿಸುತ್ತದೆ. ಆದರೆ ಐದು ವರ್ಷದ ಮಗುವಿನ ಬೆರಳಿಗೆ ನಟ್ಟು ಸಿಗದು, ಇಟ್ಟಿಗೆ ಸಿಗುತ್ತದೆ ಎಂಬುದೂ ಅಷ್ಟೇ ಸರಿ.

ಲೆಗೊ ಕೂಡ ದಾರಿ ತಪ್ಪಿದ್ದುಂಟು. 2003ರ ಹೊತ್ತಿಗೆ ಅದು ಭಾರಿ ನಷ್ಟದಲ್ಲಿತ್ತು. ಒಂದೇ ಮಾದರಿಗೆ ಮಾತ್ರ ಉಪಯೋಗವಾಗುವ ವಿಶೇಷ ತುಂಡುಗಳು ಮಿತಿಮೀರಿದ್ದು ಅದಕ್ಕೆ ಒಂದು ಕಾರಣ. 2004ರಲ್ಲಿ ಮುಖ್ಯಸ್ಥರಾದ ಯೋರ್ಗೆನ್ ವಿಗ್ ನುಡ್‌ಸ್ಟೋರ್ಪ್ ತುಂಡುಗಳ ಬಗೆಗಳನ್ನು ಕಡಿಮೆ ಮಾಡಿ, ಮೂಲ ಇಟ್ಟಿಗೆಯ ಕಡೆಗೆ ಮರಳಿ ಕಂಪನಿಯನ್ನು ಉಳಿಸಿದರು. ಹುಡುಗಿಯರ ವಿಷಯದಲ್ಲೂ ಅಷ್ಟೇ. 1981ರ ಒಂದು ಜಾಹೀರಾತಿನಲ್ಲಿ ಪುಟ್ಟ ಹುಡುಗಿಯೊಬ್ಬಳು ತಾನು ಕಟ್ಟಿದ್ದನ್ನು ಹೆಮ್ಮೆಯಿಂದ ಹಿಡಿದು ನಿಂತಿದ್ದಳು. ಮುಂದೆ 2012ರಲ್ಲಿ ಹುಡುಗಿಯರಿಗೆಂದೇ ಬೇರೆ ಬಣ್ಣದ, ಬೇರೆ ಕಥೆಯ ಪೆಟ್ಟಿಗೆಗಳು ಬಂದಾಗ ಸಾವಿರಾರು ಜನ ಆಕ್ಷೇಪಿಸಿದರು. 2014ರಲ್ಲಿ ಮಹಿಳಾ ವಿಜ್ಞಾನಿಗಳ ಪ್ರಯೋಗಶಾಲೆಯ ಪೆಟ್ಟಿಗೆ ಹೊರಬಂತು. ಅದನ್ನು ರೂಪಿಸಿದವರು ಎಲೆನ್ ಕೊಯ್‌ಮನ್ ಎಂಬ ಮಹಿಳಾ ವಿಜ್ಞಾನಿಯೇ.

ಇನ್ನೊಂದು ಬೆಳವಣಿಗೆ ನಮ್ಮಂತಹವರಿಗೆ ಮುಖ್ಯ. ಇಟ್ಟಿಗೆಯ ಪೇಟೆಂಟಿನ ಅವಧಿ ಮುಗಿದ ಮೇಲೆ ಅದರ ಆಕಾರವನ್ನೇ ತನ್ನ ವ್ಯಾಪಾರ ಮುದ್ರೆ ಎಂದು ಕಾಯ್ದಿರಿಸಿಕೊಳ್ಳಲು ಕಂಪನಿ ಪ್ರಯತ್ನಿಸಿತು. 2005ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವೂ 2010ರಲ್ಲಿ ಯುರೋಪಿನ ನ್ಯಾಯಾಲಯವೂ ಅದನ್ನು ಒಪ್ಪಲಿಲ್ಲ. ಹೀಗಾಗಿ ಇತರರೂ ಅಂತಹ ಇಟ್ಟಿಗೆಗಳನ್ನು ಮಾಡಬಹುದು. ನನ್ನ ಮಗನ ಬುಟ್ಟಿಯಲ್ಲಿರುವುದು ಸಂತೆಯಲ್ಲಿ ಕೊಂಡ ಹೆಸರಿಲ್ಲದ ಇಟ್ಟಿಗೆಗಳೇ.

ಬೀಗ ಹಾಕಿದ ಕಪಾಟು

ಈಗ ನಮ್ಮ ಶಾಲೆಗಳ ಕಡೆಗೆ ತಿರುಗೋಣ. ಕಟ್ಟುವ ಆಟಕ್ಕೂ ಕಂಪ್ಯೂಟರಿಗೂ ನಂಟು ಬೆಳೆಸಿದ ಚಿಂತಕ ಸೀಮೋರ್ ಪ್ಯಾಪರ್ಟ್. ಅವರ ‘ಮೈಂಡ್‌ಸ್ಟಾರ್ಮ್ಸ್’ ಎಂಬ ಪುಸ್ತಕದ ಹೆಸರನ್ನೇ ಲೆಗೊ 1998ರಲ್ಲಿ ತನ್ನ ರೋಬೋ ಪೆಟ್ಟಿಗೆಗೆ ಇಟ್ಟಿತ್ತು. ಮಗು ತನ್ನ ಕೈಯಿಂದ ಏನನ್ನಾದರೂ ಕಟ್ಟುತ್ತಾ ತನ್ನ ತಿಳಿವಳಿಕೆಯನ್ನೂ ಕಟ್ಟಿಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ನಮ್ಮ ದೇಶದಲ್ಲಿ 2016ರಿಂದ ನೀತಿ ಆಯೋಗವು 6ರಿಂದ 12ನೇ ತರಗತಿಯವರೆಗಿನ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಿಗೆ ನೆರವು ನೀಡತೊಡಗಿತು. ಅಂತಹ ಪ್ರಯೋಗಾಲಯ ಸಿಗದ ಶಾಲೆಗಳಿಗೂ ದಾನಿಗಳಿಂದ ಒಂದೆರಡು ಪೆಟ್ಟಿಗೆಗಳು ಬರುವುದುಂಟು.

ನಾನು ಪಾಠ ಹೇಳುವ ಶಾಲೆಗೂ ಹಾಗೆಯೇ ನಾಲ್ಕು ಪೆಟ್ಟಿಗೆಗಳು ಬಂದವು. ದಾಸ್ತಾನು ಪುಸ್ತಕದ ಜವಾಬ್ದಾರಿ ನನ್ನದು. ಒಂದೊಂದು ನಟ್ಟನ್ನೂ ಎಣಿಸಿ ಬರೆದುಕೊಂಡೆ. ಒಂದು ಕಳೆದುಹೋದರೂ ತಪಾಸಣೆಯಲ್ಲಿ ಉತ್ತರ ಹೇಳಬೇಕಲ್ಲ ಎಂದು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಅತಿಥಿಗಳು ಬಂದಾಗ ತೋರಿಸುತ್ತಿದ್ದೆ. ಎರಡು ವರ್ಷ ಕಳೆಯಿತು. ಒಂದು ನಟ್ಟೂ ಕಳೆಯಲಿಲ್ಲ, ಒಂದು ಮಗುವೂ ಏನನ್ನೂ ಕಟ್ಟಲಿಲ್ಲ. ಇದರಲ್ಲಿ ಬೇರೆ ಯಾರ ತಪ್ಪೂ ಇರಲಿಲ್ಲ.

ಅಟ್ಟದ ಡಬ್ಬಿ ಸಿಕ್ಕಿದ ಆ ಹಬ್ಬಕ್ಕೆ ಆಪಾ ಮಕ್ಕಳೊಂದಿಗೆ ಮನೆಗೆ ಬಂದಿದ್ದಳು. ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಮೊದಲು ಪಾನಾವನ್ನು ಕೈಗೆತ್ತಿಕೊಂಡಳು. ಈಗ ಅವಳು ತನ್ನ ಓಣಿಯವರ ಹೊಲಿಗೆ ಯಂತ್ರಗಳನ್ನು ತಾನೇ ರಿಪೇರಿ ಮಾಡಿಕೊಡುತ್ತಾಳೆ. ಯಾರೂ ಕಲಿಸಿದ್ದಲ್ಲ. ಅವಳ ಮಗಳು ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ತಾಯಿ ಪಟ್ಟಿಗಳನ್ನು ಜೋಡಿಸುವುದನ್ನು ನೋಡುತ್ತಾ ಕುಳಿತಿದ್ದ ಹುಡುಗಿ ನನ್ನತ್ತ ತಿರುಗಿ, "ಮಾಮು, ಕಪಾಟಿನಲ್ಲಿ ಇರುವುದೂ ಇದೇ ಅಲ್ಲವೇ? ಅದನ್ನು ನಮಗೆ ಯಾವಾಗ ಕೊಡುತ್ತೀರಿ?" ಎಂದು ಕೇಳಿದಳು. ಆಪಾ ಏನೂ ಹೇಳಲಿಲ್ಲ. ಬೋಲ್ಟು ಬಿಗಿಯುತ್ತಿದ್ದಳು. ನೆಂಟರು ನನ್ನ ಬೆನ್ನು ತಟ್ಟಿದ ದಿನ ನನಗೆ ನೆನಪಾಯಿತು.

ರಜೆ ಮುಗಿದ ಮೊದಲ ಶನಿವಾರ ಕಪಾಟಿನ ಬೀಗ ತೆಗೆದೆವು. ಅಂದಿನಿಂದ ಪ್ರತಿ ಶನಿವಾರ ಕೊನೆಯ ಅವಧಿ ಕಟ್ಟುವ ಅವಧಿ. ಹುಡುಗರ ಗುಂಪು, ಹುಡುಗಿಯರ ಗುಂಪು ಸರದಿಯ ಮೇಲೆ ಬರುತ್ತಾರೆ. ಮೊದಲ ಅರ್ಧ ಗಂಟೆ ಪುಸ್ತಕ ನೋಡಿ ಕಟ್ಟಬಹುದು. ಆಮೇಲೆ ಪುಸ್ತಕ ಮುಚ್ಚಬೇಕು, ಕಟ್ಟಿದ್ದನ್ನು ಬಿಚ್ಚಿ ಬೇರೆ ಏನನ್ನಾದರೂ ಕಟ್ಟಬೇಕು. ಬಿಚ್ಚಲು ಮೊದಮೊದಲು ಮಕ್ಕಳು ಅಳುಮೋರೆ ಮಾಡುತ್ತಿದ್ದರು. ಈಗ ಬಿಚ್ಚುವುದಕ್ಕೇ ಅವಸರ. ಕೆಡವುವುದು ಸೋಲಲ್ಲ ಎಂಬುದನ್ನು ಅವರು ಯಾವ ಉಪದೇಶವೂ ಇಲ್ಲದೆ ಕಲಿತರು.

ಕೊನೆಯ ಮಾತು

ಹಳೆಯ ಆಟಿಕೆ ಮೇಲೋ ಹೊಸದು ಮೇಲೋ ಎಂಬ ಚರ್ಚೆಗೆ ಕೊನೆಯಿಲ್ಲ. ಇತಿಹಾಸವನ್ನು ಓದಿದ ಮೇಲೆ ನನಗೆ ತೋಚಿದ್ದು ಇಷ್ಟು. ಮರವಾಗಲಿ, ಲೋಹವಾಗಲಿ, ಪ್ಲಾಸ್ಟಿಕ್ ಆಗಲಿ, ಯಾವುದರಲ್ಲಿ ತುಂಡುಗಳು ಒಂದೇ ಕೆಲಸಕ್ಕೆ ಮೀಸಲಾಗಿಲ್ಲವೋ, ಯಾವುದರಲ್ಲಿ ನಿನ್ನೆಯ ತುಂಡಿಗೆ ಇಂದಿನ ತುಂಡು ಸೇರುತ್ತದೆಯೋ ಅದು ಒಳ್ಳೆಯ ಆಟಿಕೆ. ಮಕ್ಕಳ ವಿಷಯವೂ ಹಾಗೆಯೇ. ಇವನು ಎಂಜಿನಿಯರ್, ಇವಳು ಅಡುಗೆಮನೆ ಎಂದು ಯಾರನ್ನೂ ಒಂದೇ ಕೆಲಸಕ್ಕೆ ಮೀಸಲಿಡುವ ಹಕ್ಕು ನಮಗಿಲ್ಲ.

ಪಾಲಕರಲ್ಲಿ ನನ್ನ ಕೋರಿಕೆ ಚಿಕ್ಕದು. ದುಬಾರಿ ಪೆಟ್ಟಿಗೆಯನ್ನೇ ಕೊಡಿಸಬೇಕಾಗಿಲ್ಲ. ಫ್ರೋಬೆಲ್ ಎಂಟು ಮರದ ತುಂಡುಗಳಿಂದ ಆರಂಭಿಸಿದರು. ಬಡಗಿಯ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಒಂದೇ ಅಳತೆಗೆ ಕೊಯ್ಸಿ ಉಜ್ಜಿಸಿ ಕೊಟ್ಟರೂ ಸಾಕು. ಆದರೆ ಮಗನಿಗೆ ಕೊಟ್ಟದ್ದನ್ನು ಮಗಳಿಗೂ ಕೊಡಿ. ಶಿಕ್ಷಕ ಬಂಧುಗಳಲ್ಲಿ ಇನ್ನೊಂದು ಕೋರಿಕೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಅಂತಹ ಪೆಟ್ಟಿಗೆ ಇದ್ದರೆ ದಯವಿಟ್ಟು ಬೀಗ ತೆಗೆಯಿರಿ.

ವರ್ಷದ ಕೊನೆಯಲ್ಲಿ ಎಣಿಸಿದಾಗ ನಮ್ಮ ನಾಲ್ಕು ಪೆಟ್ಟಿಗೆಗಳಲ್ಲಿ ಹನ್ನೊಂದು ನಟ್ಟುಗಳೂ ಒಂದು ಚಕ್ರವೂ ಕಡಿಮೆಯಾಗಿದ್ದವು. ದಾಸ್ತಾನು ಪುಸ್ತಕದ ಷರಾ ಅಂಕಣದಲ್ಲಿ ‘ಮಕ್ಕಳ ಬಳಕೆಯಲ್ಲಿ ಕಳೆದದ್ದು’ ಎಂದು ಬರೆದು ಸಹಿ ಹಾಕಿದೆ. ಈವರೆಗೆ ಯಾರೂ ಆಕ್ಷೇಪಿಸಿಲ್ಲ.